ತಪ್ಪೊಪ್ಪಿಕೊಂಡವರಿಗೆ ಎದ್ದುನಿಂತ ಸಭೆ

1996ರ ಜೂನ್ ತಿಂಗಳು. ನಾವು ಹೈಸ್ಕೂಲೊಂದರಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದ ಕಾಲ. ಒಂಬತ್ತು ಗ್ರಹಗಳ ಹೆಸರನ್ನು ಕರಿಹಲಗೆಯ ಮೇಲೆ ಬರೆದು ತಿರುಗುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತಿದ್ದ.

'ಸರ್, ಬೇರೆ ನಕ್ಷತ್ರಗಳಿಗೂ ಗ್ರಹಗಳು ಇವೆಯಾ?'

'ಅಂಥದ್ದನ್ನು ಯಾರೂ ಕಂಡುಹಿಡಿದಿಲ್ಲ. ಮೊದಲು ಪುಸ್ತಕದಲ್ಲಿರುವುದನ್ನು ಓದು, ಕೂತ್ಕೋ' ಎಂದೆವು. ತರಗತಿ ಗೊಳ್ಳೆಂದು ನಕ್ಕಿತು. ಹುಡುಗ ತಲೆತಗ್ಗಿಸಿ ಕುಳಿತ.

ನಾವು ಹೇಳಿದ್ದು ಸುಳ್ಳಾಗಿತ್ತು. ಅದಕ್ಕೆ ಎಂಟು ತಿಂಗಳ ಹಿಂದೆಯೇ, 1995ರ ಅಕ್ಟೋಬರ್‌ನಲ್ಲಿ, ಸ್ವಿಟ್ಜರ್‌ಲೆಂಡಿನ ಮಿಶೆಲ್ ಮೇಯರ್ ಮತ್ತು ಡಿಡಿಯೆ ಕೆಲೋ ಎಂಬ ವಿಜ್ಞಾನಿಗಳು 51 ಪೆಗಾಸಿ ಎಂಬ ನಕ್ಷತ್ರಕ್ಕೆ ಗ್ರಹವೊಂದಿದೆ ಎಂದು ಪ್ರಕಟಿಸಿದ್ದರು. ನಮ್ಮ ಸೂರ್ಯನನ್ನೇ ಹೋಲುವ ಆ ನಕ್ಷತ್ರ ಸುಮಾರು 50 ಜ್ಯೋತಿರ್ವರ್ಷ ದೂರದಲ್ಲಿದೆ. ಗ್ರಹವನ್ನು ಅವರು ಕಣ್ಣಾರೆ ಕಂಡದ್ದಲ್ಲ. ನಕ್ಷತ್ರ ಗ್ರಹವನ್ನು ಎಳೆಯುವಂತೆ ಗ್ರಹವೂ ನಕ್ಷತ್ರವನ್ನು ಎಳೆಯುತ್ತದೆ. ಆ ಎಳೆತಕ್ಕೆ ನಕ್ಷತ್ರ ಒಮ್ಮೆ ನಮ್ಮತ್ತ, ಒಮ್ಮೆ ಆಚೆಗೆ ತುಸು ಸರಿಯುತ್ತದೆ. ಅದರ ಬೆಳಕಿನ ಪಟ್ಟಿಯಲ್ಲಿರುವ ಗೆರೆಗಳೂ ಸ್ಥಾನ ಬದಲಿಸುತ್ತವೆ. 51 ಪೆಗಾಸಿಯ ಈ ಓಲಾಟದ ವೇಗ ಸೆಕೆಂಡಿಗೆ ಸುಮಾರು 56 ಮೀಟರ್. ಅಷ್ಟರಿಂದಲೇ ಅವರು ಗ್ರಹದ ಇರವನ್ನು ಲೆಕ್ಕಹಾಕಿದರು. ನಮ್ಮ ಗುರುಗ್ರಹ ಸೂರ್ಯನನ್ನು ಸುತ್ತಲು ಸುಮಾರು 12 ವರ್ಷ ಬೇಕಾದರೆ, ಈ ದೈತ್ಯಗ್ರಹ ತನ್ನ ಸೂರ್ಯನನ್ನು ಕೇವಲ 4.2 ದಿನಗಳಲ್ಲಿ ಸುತ್ತುತ್ತದೆ. 2019ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು.

ಈ ಸುದ್ದಿ ನಮಗೆ ತಿಳಿದದ್ದು ಎರಡು ವರ್ಷಗಳ ನಂತರ, ಗ್ರಂಥಾಲಯದ ಹಳೆಯ ಪತ್ರಿಕೆಯೊಂದರಿಂದ. ಹುಡುಗ ಇನ್ನೂ ಅದೇ ಶಾಲೆಯಲ್ಲಿದ್ದ. ಮರುದಿನ ಕರೆದು ಹೇಳಬಹುದಿತ್ತು. ಹೇಳಲಿಲ್ಲ. ಮೇಷ್ಟ್ರ ಮರ್ಯಾದೆ ಅಡ್ಡ ಬಂತು.

ಆಮೇಲೆ ಈ ಹುಡುಕಾಟದ ಚರಿತ್ರೆಯನ್ನು ಓದುತ್ತಾ ಹೋದೆವು. ಅದು ತಪ್ಪುಗಳ ಚರಿತ್ರೆಯೂ ಹೌದು. 1855ರಲ್ಲಿ ಮದ್ರಾಸ್ ವೀಕ್ಷಣಾಲಯದ ಕ್ಯಾಪ್ಟನ್ ಜೇಕಬ್ ಎಂಬವರು 70 ಒಫಿಯೂಕಿ ಎಂಬ ಜೋಡಿ ನಕ್ಷತ್ರದ ಬಳಿ ಗ್ರಹವಿರುವ ಸಂಭವವಿದೆ ಎಂದರು. ಅದು ನಿಲ್ಲಲಿಲ್ಲ. 1963ರಲ್ಲಿ ಪೀಟರ್ ವಾನ್ ಡೆ ಕಾಂಪ್ ಅವರು ಬರ್ನಾರ್ಡ್ ನಕ್ಷತ್ರಕ್ಕೆ ಗುರುವಿನಂಥ ಗ್ರಹವಿದೆ ಎಂದು ಸಾರಿದರು. ಅವರು ಕಂಡ ಓಲಾಟ ನಕ್ಷತ್ರದ್ದಲ್ಲ, ದೂರದರ್ಶಕದಲ್ಲಿ ಮಾಡಿದ ದುರಸ್ತಿಯ ಫಲ ಎಂದು 1973ರಲ್ಲಿ ಇತರರು ತೋರಿಸಿದರು. ಅವರು ಒಪ್ಪಲಿಲ್ಲ. ಒಪ್ಪದೆಯೇ 1995ರ ಮೇ ತಿಂಗಳಲ್ಲಿ ತೀರಿಕೊಂಡರು. ಸೋಜಿಗವೆಂದರೆ, 2025ರಲ್ಲಿ ಅದೇ ನಕ್ಷತ್ರದ ಸುತ್ತ ನಾಲ್ಕು ಪುಟ್ಟ ಗ್ರಹಗಳಿರುವುದು ಖಚಿತವಾಯಿತು. ಆದರೆ ಅವು ಅವರು ಹೇಳಿದ ಗ್ರಹವಲ್ಲ.

ಇನ್ನೊಬ್ಬರು ಇಂಗ್ಲೆಂಡಿನ ಆಂಡ್ರ್ಯೂ ಲೈನ್. ಪಲ್ಸಾರ್ ಎಂಬ ಮೃತ ನಕ್ಷತ್ರವೊಂದಕ್ಕೆ ಗ್ರಹವಿದೆ ಎಂದು 1991ರಲ್ಲಿ ಅವರ ತಂಡ ಪ್ರಕಟಿಸಿತು. ಜಗತ್ತೇ ಕೊಂಡಾಡಿತು. ಸುಮಾರು ಆರು ತಿಂಗಳ ನಂತರ ತಮ್ಮದೇ ಲೆಕ್ಕದಲ್ಲಿ ಅವರಿಗೊಂದು ದೋಷ ಕಂಡಿತು. ಭೂಮಿ ಸೂರ್ಯನನ್ನು ಸುತ್ತುವ ಹಾದಿ ಪೂರ್ಣ ವೃತ್ತವಲ್ಲ ಎಂಬುದು ಲೆಕ್ಕದಲ್ಲಿ ಸರಿಯಾಗಿ ಸೇರಿರಲಿಲ್ಲ. ದೂರದ ಗ್ರಹವೆಂದುಕೊಂಡದ್ದು ನಮ್ಮ ಭೂಮಿಯ ಚಲನೆಯ ನೆರಳಾಗಿತ್ತು! 1992ರ ಜನವರಿಯಲ್ಲಿ ಅಟ್ಲಾಂಟಾದಲ್ಲಿ ಸೇರಿದ್ದ ಖಗೋಳ ವಿಜ್ಞಾನಿಗಳ ಸಭೆಯಲ್ಲಿ ಅವರು ವೇದಿಕೆ ಹತ್ತಿ, ಗ್ರಹವಿಲ್ಲ, ತಪ್ಪು ನಮ್ಮದು ಎಂದು ಹೇಳಿದರು. ಸಭೆ ಎದ್ದುನಿಂತು ಚಪ್ಪಾಳೆ ತಟ್ಟಿತು. ಅವರ ನಂತರ ಮಾತನಾಡಿದ ಅಲೆಕ್ಸಾಂಡರ್ ವೊಲ್ಶ್‌ಚಾನ್ ಬೇರೊಂದು ಪಲ್ಸಾರ್‌ನ ಗ್ರಹಗಳ ಬಗ್ಗೆ ಹೇಳಿದರು. ಅವು ಇಂದಿಗೂ ನಿಂತಿವೆ.

ಅಂದರೆ, ನಾವು ಆ ಹುಡುಗನನ್ನು ಕೂರಿಸುವ ನಾಲ್ಕು ವರ್ಷ ಮೊದಲೇ ಉತ್ತರ ಜಗತ್ತಿನಲ್ಲಿತ್ತು.

ಕೆಲವು ತಿಂಗಳ ಹಿಂದೆ ಬಸ್ ನಿಲ್ದಾಣದಲ್ಲಿ ಆತ ಸಿಕ್ಕಿದ. ಈಗ ಮೊಬೈಲ್ ರಿಪೇರಿ ಅಂಗಡಿ ನಡೆಸುತ್ತಾನೆ. ಚಹಾ ಕುಡಿಯುತ್ತಾ ಎಲ್ಲವನ್ನೂ ಹೇಳಿದೆವು. 2025ರ ಸೆಪ್ಟೆಂಬರ್‌ನಲ್ಲಿ ನಾಸಾದ ಎಣಿಕೆ 6000 ಗ್ರಹಗಳನ್ನು ಮುಟ್ಟಿತೆಂಬುದನ್ನೂ ಹೇಳಿದೆವು.

ಆತ ನಕ್ಕ. 'ಇಷ್ಟು ವರ್ಷ ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಿರಾ ಸರ್?' ಎಂದ. ಬಳಿಕ ಲೋಟ ಕೆಳಗಿಟ್ಟು ಮೆಲ್ಲಗೆ ಹೇಳಿದ: 'ಅವತ್ತಿನ ಮೇಲೆ ನಾನು ಕ್ಲಾಸಿನಲ್ಲಿ ಪ್ರಶ್ನೆ ಕೇಳಲಿಲ್ಲ ಸರ್.'

ನಮ್ಮಲ್ಲಿ ಮಾತಿರಲಿಲ್ಲ. ಲೈನ್ ತಪ್ಪು ತಿದ್ದಿಕೊಳ್ಳಲು ತೆಗೆದುಕೊಂಡದ್ದು ಆರು ತಿಂಗಳು. ನಾವು ತೆಗೆದುಕೊಂಡದ್ದು ಸುಮಾರು ಮೂವತ್ತು ವರ್ಷ. 'ಗೊತ್ತಿಲ್ಲ, ಹುಡುಕಿ ನೋಡೋಣ' ಎಂದು ಅಂದು ಹೇಳಿದ್ದರೆ ನಮ್ಮ ಗಂಟೇನು ಹೋಗುತ್ತಿತ್ತು?

ಬಸ್ಸು ಹತ್ತುವಾಗ ಆತ ತಿರುಗಿ ಕೇಳಿದ: 'ಆ ಆರು ಸಾವಿರದಲ್ಲಿ ನಮ್ಮ ಭೂಮಿಯಂಥದ್ದು ಉಂಟಾ ಸರ್?'

'ಗೊತ್ತಿಲ್ಲ ಮಗಾ' ಎಂದೆವು. ಈ ಸಲ ನಿಜ ಹೇಳಿದ್ದೆವು.