ಹಾಲು ಕುಡಿದ ಕೇಕು

ಹಾಲಿನಲ್ಲಿ ನೆನೆಸಿ ತಿನ್ನುವುದು ನಮಗೇನೂ ಹೊಸದಲ್ಲ. ಮದುವೆ ಮನೆಯ ಎಲೆಯಲ್ಲಿ ಚಿರೋಟಿ ಪುಡಿಮಾಡಿಕೊಂಡು ಬಾದಾಮಿ ಹಾಲಿಗಾಗಿ ಬಡಿಸುವವರ ದಾರಿ ಕಾಯದವರು ನಮ್ಮಲ್ಲಿ ಯಾರಿದ್ದಾರೆ? ಆದರೂ ಕೇಕಿಗೆ ಹಾಲು ಸುರಿಯುತ್ತಾರೆಂದು ಟೆಕ್ಸಾಸಿನಲ್ಲಿರುವ ಮಗಳು ಫೋನಿನಲ್ಲಿ ಹೇಳಿದಾಗ ನನಗೆ ನಗು ಬಂತು.

ಅದರ ಹೆಸರು 'ತ್ರೆಸ್ ಲೆಚೆಸ್'. ಸ್ಪ್ಯಾನಿಷ್ ಭಾಷೆಯಲ್ಲಿ ಮೂರು ಹಾಲು ಎಂದರ್ಥ: ಡಬ್ಬಿಯ ಗಟ್ಟಿ ಸಿಹಿಹಾಲು, ಬತ್ತಿಸಿದ ಹಾಲು, ಕೆನೆ. ಮೆಕ್ಸಿಕೋದವರು ತಮ್ಮದೆನ್ನುತ್ತಾರೆ, ನಿಕರಾಗುವಾದವರು ತಮ್ಮದೆನ್ನುತ್ತಾರೆ. ಮೈಸೂರು ಪಾಕಿನ ಜಗಳ ಕಂಡ ನಮಗೆ ಇದೇನು ದೊಡ್ಡದಲ್ಲ. ಅಮೆರಿಕದ ಗೇಲ್ ಬೋರ್ಡನ್ ಎಂಬಾತ ಹಾಲು ಬತ್ತಿಸುವ ವಿಧಾನಕ್ಕೆ 1856ರಲ್ಲಿ ಪೇಟೆಂಟ್ ಪಡೆದಿದ್ದ. ಫ್ರಿಜ್ಜಿಲ್ಲದ ಬಿಸಿಲ ನಾಡುಗಳಲ್ಲಿ ಡಬ್ಬಿಯ ಹಾಲು ಎಷ್ಟು ದೊಡ್ಡ ಅನುಕೂಲವೆಂಬುದು ನಮಗೂ ಗೊತ್ತು.

ನಾನು ಇದಕ್ಕೆ ಕೈಹಾಕಿದ್ದು ನಮ್ಮತ್ತೆಯವರಿಗಾಗಿ. 84 ವರ್ಷ, ಬಾಯಲ್ಲಿ ಒಂದು ಹಲ್ಲಿಲ್ಲ. ಕಟ್ಟಿಸಿದ ಸೆಟ್ಟು ಬಟ್ಟಲಿನ ನೀರಿನಲ್ಲೇ ಇರುತ್ತದೆ. ನೆನೆದ ಚಿರೋಟಿಯ ಪದರವೂ ಒಸಡಿಗೆ ಚುಚ್ಚುತ್ತದಂತೆ. ಗಂಜಿಯನ್ನೂ ದೂರ ತಳ್ಳತೊಡಗಿದ್ದರು. "ಕೂಸಿಗೆ ಕುಡಿಸ್ದಂಗೆ ಕುಡಿಸ್ತೀಯಲ್ಲೇ, ತಟ್ಟೇಲಿಟ್ಕೊಂಡು ತಿನ್ನೋಂಥದ್ದು ಏನೂ ಇಲ್ವೇನೆ?" ಎನ್ನುತ್ತಿದ್ದರು. ಕೈಬಳೆ ಮೊಳಕೈವರೆಗೆ ಜಾರುತ್ತಿತ್ತು.

ಆದರೆ ಆ ಕೇಕಿಗೆ ಮೊಟ್ಟೆ ಬೇಕು. ಮೊಟ್ಟೆ ಕಡೆದು ತುಂಬಿಸಿದ ಗಾಳಿಯ ಗೂಡುಗಳೇ ಹಾಲು ಹೀರುವುದು. "ಹಾಕಮ್ಮ, ಅಜ್ಜಿಗೆಲ್ಲಿ ಗೊತ್ತಾಗುತ್ತೆ?" ಎಂದಳು ಮಗಳು. ಗೊತ್ತಾಗುವುದಿಲ್ಲ, ನಿಜ. ಕಣ್ಣು ಮಂಜಾಗಿ, ನನ್ನ ಕೈಯಿಂದ ಬಂದದ್ದನ್ನು ಕೇಳದೆ ಬಾಯಿಗಿಡುವವರು. ಅದಕ್ಕೇ ಮನಸ್ಸು ಬರಲಿಲ್ಲ.

ಮೊಸರು ಹಾಕಿದೆ. ಒಂದು ಲೋಟ ಗಟ್ಟಿ ಮೊಸರು, ಮುಕ್ಕಾಲು ಲೋಟ ಸಕ್ಕರೆ, ಅರ್ಧ ಲೋಟ ಎಣ್ಣೆ, ಒಂದೂವರೆ ಲೋಟ ಮೈದಾ, ಒಂದೂಕಾಲು ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಸೋಡಾ. ಮೊಸರಿನ ಹುಳಿಗೆ ಸೋಡಾ ಸೇರಿದರೆ ಗುಳ್ಳೆ ಏಳುತ್ತದೆ. ಇಷ್ಟು ವಿಜ್ಞಾನ ಸಮಾಜ ಪಾಠ ಮಾಡುವ ನನಗೂ ಗೊತ್ತು. ಕುಕ್ಕರಿನ ತಳಕ್ಕೆ ಉಪ್ಪು ಹರಡಿ, ಗ್ಯಾಸ್ಕೆಟ್ಟು, ವೆಯಿಟ್ಟು ತೆಗೆದು ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿದೆ. ಒಂದು ಲೀಟರ್ ಹಾಲನ್ನು ಅರ್ಧಕ್ಕೆ ಬತ್ತಿಸಿ, ಅರ್ಧ ಡಬ್ಬಿ ಸಿಹಿಹಾಲು, ಒಂದು ಸೌಟು ಕೆನೆ, ಏಲಕ್ಕಿ ಬೆರೆಸಿ, ಆರಿದ ಕೇಕಿಗೆ ಕಡ್ಡಿಯಿಂದ ಚುಚ್ಚಿ ಸ್ವಲ್ಪಸ್ವಲ್ಪವೇ ಎರೆದೆ. ರಾತ್ರಿ ನೋಡಿದರೆ ಕೆರೆಯಲ್ಲಿ ದ್ವೀಪ. ಬೆಳಿಗ್ಗೆ ಕೆರೆ ಬತ್ತಿತ್ತು, ದ್ವೀಪ ಹಾಗೇ ನಿಂತಿತ್ತು!

ಚೌಕವಾಗಿ ಕತ್ತರಿಸಿ ತಟ್ಟೆಯಲ್ಲಿ ಕೊಟ್ಟೆ. ಅತ್ತೆಯವರು ತಾವೇ ಚಮಚ ಹಿಡಿದರು. ಎರಡನೆಯ ಚೂರೂ ಮುಗಿದ ಮೇಲೆ, "ನಾಕು ಎಸಳು ಕೇಸರಿ ಹಾಕ್ಬೇಕಿತ್ತು ಕಣೇ" ಎಂದರು.