ಗುಂಯ್‌ಗುಟ್ಟಿದ ಧ್ವನಿವರ್ಧಕ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರೆಲ್ಲರಿಗೂ ಸಭಾಂಗಣದ ಧ್ವನಿವರ್ಧಕದ ಪರಿಚಯವಿರುವುದಷ್ಟೆ. 1986ರಲ್ಲಿ ಕೊಂಡ ಆ ಯಂತ್ರವು ಎಷ್ಟೋ ವಾರ್ಷಿಕೋತ್ಸವಗಳನ್ನು ಸಾಂಗವಾಗಿ ನಡೆಯಿಸಿಕೊಟ್ಟಿತ್ತು. 2023ರ ಉತ್ಸವದಂದು ಮಾತ್ರ ತುಂಬಿದ ಸಭೆಯಲ್ಲಿ ನಮ್ಮನ್ನು ನಗೆಗೀಡುಮಾಡಿತು. ಚಿಕ್ಕ ಮಕ್ಕಳು ಪದ್ಯ ಹೇಳಲು ನಿಂತರೆ, ಪದ್ಯಕ್ಕೆ ಮೊದಲೇ ಗುಂಯ್ ಎಂಬ ನಾದವು ಹೊರಟು ಕಡೆಯವರೆಗೂ ನಿಲ್ಲಲಿಲ್ಲ. ಹಿಂದಿನ ಸಾಲಿನ ತಾಯಂದಿರಿಗೆ ತಮ್ಮ ಮಕ್ಕಳ ತುಟಿಗಳು ಅಲುಗುವುದನ್ನು ನೋಡುವ ಭಾಗ್ಯವೊಂದೇ ದೊರೆಯಿತು.

ಹಿಂದಿನ ಸಂಜೆ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಮೈಕನ್ನು ಕೈತಪ್ಪಿ ಕೆಡವಿದ್ದಳು. ನಮಗೆ ಅಷ್ಟೇ ಸಾಕಾಯಿತು. ಮರುದಿನ ತರಗತಿಯವರೆಲ್ಲರ ಎದುರಿಗೆ ಅವಳನ್ನು ನಿಲ್ಲಿಸಿ, ಅಜಾಗರೂಕತೆಯ ವಿಷಯವಾಗಿ ಕಾಲು ಗಂಟೆ ಮಾತನಾಡಿದೆವು. "ಅದು ಮಳೆಗಾಲದಿಂದಲೂ ಸಣ್ಣಗೆ ಗುಂಯ್ ಎನ್ನುತ್ತಿತ್ತು, ಟೀಚರ್" ಎಂದಳು. ಎದುರುತ್ತರವೆಂದು ಅದಕ್ಕೂ ಗದರಿದೆವು.

ಆ ವಾರದ ಕಡೆಯಲ್ಲಿ ಪೇಟೆಯಿಂದ ರೇಡಿಯೋ ರಿಪೇರಿಯವರನ್ನು ಕರೆಯಿಸಿದೆವು. ವೃದ್ಧರು, ಮಾತು ಕಡಿಮೆ. ಮೊದಲು ಧ್ವನಿಯ ತಿರುಪನ್ನು ಸೊನ್ನೆಗೆ ಇಳಿಸಿದರು. ನಾದವು ಎಳ್ಳಷ್ಟೂ ತಗ್ಗಲಿಲ್ಲ. ಬಳಿಕ ಮೈಕಿನ ತಂತಿಯನ್ನೇ ಕಳಚಿ ಪಕ್ಕಕ್ಕಿಟ್ಟರು. ಆಗಲೂ ಅದೇ ನಾದ. "ಮೈಕಿನ ದೋಷವಾಗಿದ್ದರೆ ಇಷ್ಟರಲ್ಲಿ ನಿಲ್ಲಬೇಕಿತ್ತು, ಅಮ್ಮನವರೇ. ಇದು ಒಳಗಿನ ಪವರ್ ಸಪ್ಲೈಯ ರೋಗ" ಎಂದರು. ಆಗ ನಮ್ಮ ಮುಖವು ಹೇಗಾಯಿತೋ ಅರಿಯೆವು.

ವಿಜ್ಞಾನವನ್ನು ಕಲಿಸುವ ನಮಗೆ ಮುಂದಿನದು ತಾನಾಗಿಯೇ ತಿಳಿಯಬೇಕಾಗಿತ್ತು. ನಮ್ಮಲ್ಲಿ ಸರಬರಾಜಾಗುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತನಗಳುಳ್ಳದ್ದು. ಯಂತ್ರದ ಡಯೋಡುಗಳು ಅದನ್ನು ಒಂದೇ ದಿಕ್ಕಿಗೆ ಹರಿಯಿಸುವಾಗ ಸೆಕೆಂಡಿಗೆ 100 ಏರಿಳಿತಗಳುಂಟಾಗುತ್ತವೆ. ಅವನ್ನು ಸಮಮಾಡುವುದು ದೊಡ್ಡ ಕೆಪಾಸಿಟರಿನ ಕೆಲಸ. ಬಿಟ್ಟು ಬಿಟ್ಟು ಸುರಿದ ಮಳೆಯನ್ನು ಕೆರೆಯು ಹಿಡಿದಿಟ್ಟು ಕಾಲುವೆಗೆ ಒಂದೇ ಸಮನೆ ಬಿಡುವಂತೆ. ವರ್ಷಗಳ ಕಾವಿಗೆ ಅದರೊಳಗಿನ ದ್ರವವು ಆರಿಹೋದರೆ ಕೆರೆಯಲ್ಲಿ ಹೂಳು ತುಂಬಿದಂತೆಯೇ ಸರಿ. ಏರಿಳಿತಗಳು ಹಾಗೆಯೇ ಸ್ಪೀಕರಿಗೆ ಸಾಗಿ ನಾದವಾಗುತ್ತವೆ. ಪಾಶ್ಚಾತ್ಯ ಸ್ವರಪಟ್ಟಿಯಲ್ಲಿ ಅದು ಜಿ ಮತ್ತು ಜಿ ಶಾರ್ಪ್‌ಗಳ ನಡುವೆ ಬೀಳುವುದರಿಂದ, "ಹಾರ್ಮೋನಿಯಮ್ಮಿಗೆ ಹೊಂದುವುದೇ ಇಲ್ಲ" ಎಂದು ನಮ್ಮ ಸಂಗೀತದ ಅಧ್ಯಾಪಿಕೆಯವರು ಗೊಣಗಿದುದು ನ್ಯಾಯವೇ.

ವೃದ್ಧರು ಪ್ಲಗ್ಗನ್ನು ಕಿತ್ತ ಮೇಲೂ ಅವಸರಪಡಲಿಲ್ಲ. ಉಳಿದ ವಿದ್ಯುತ್ತನ್ನು ರೆಸಿಸ್ಟರಿನ ಮೂಲಕ ಹರಿಯಬಿಟ್ಟು, ಮೀಟರಿನಿಂದ ಅಳೆದು ನೋಡಿ, ಆಮೇಲೆಯೇ ಕೈಯಿಟ್ಟರು. ತಲೆಯುಬ್ಬಿದ ಹಳೆಯ ಕೆಪಾಸಿಟರನ್ನು ತೆಗೆದು, ಧನ ಋಣಗಳ ಗುರುತನ್ನು ಎರಡು ಸಾರಿ ನೋಡಿ, ಹೊಸದನ್ನು ಬೆಸೆದರು. ಸ್ವಿಚ್ಚು ಹಾಕಿದರೆ ನಿಶ್ಶಬ್ದ.

ಸೋಮವಾರ ಅದೇ ತರಗತಿಗೆ ಹೋಗಿ, ಹಳೆಯ ಕೆಪಾಸಿಟರನ್ನು ಮೇಜಿನ ಮೇಲಿರಿಸಿ, ನಡೆದುದನ್ನೆಲ್ಲ ಹೇಳಿ, ಎಲ್ಲರೆದುರಿಗೇ ಅವಳ ಕ್ಷಮೆ ಕೇಳಿದೆವು. ಅವಳು ತಲೆತಗ್ಗಿಸಿ ಬಹಳ ಹೊತ್ತು ಸುಮ್ಮನಿದ್ದಳು. ಕಡೆಗೆ, "ಅದನ್ನು ನಾನು ಬಿಚ್ಚಿ ನೋಡಬಹುದೇ, ಟೀಚರ್?" ಎಂದಳು.