ಮೋಟಾರ್ ತಾನಾಗಿ ನಿಂತಾಗ

ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರ ಅಂದರೆ ಹೊರಗಿನವರಿಗೆ ಅಶೋಕನ ಶಾಸನ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಗುರುತಿಸಿದ್ದು. ಇಲ್ಲಿನ ರೈತರಿಗೆ ಮಾತ್ರ ಎದ್ದ ಕೂಡಲೇ ನೋಡಬೇಕಾದ ಬರಹ ಬೋರ್‌ವೆಲ್ಲಿನ ಸ್ಟಾರ್ಟರ್ ಡಬ್ಬಿಯ ಮೇಲಿರುತ್ತದೆ.

ಕೆಂಪು ದೀಪ ಹತ್ತಿ ಮೋಟಾರ್ ನಿಂತರೆ ದಯವಿಟ್ಟು ಮತ್ತೆ ಮತ್ತೆ ಹಸಿರು ಬಟನ್ ಒತ್ತಬೇಡಿ. ಮೊದಲು ಮೂರೂ ಫೇಸ್ ಇದೆಯಾ ನೋಡಿ. ಒಂದು ಹೋದರೆ ಉಳಿದೆರಡರ ಮೇಲೆ ಭಾರ ಬಿದ್ದು ವೈಂಡಿಂಗ್ ಕಾಯುತ್ತದೆ. ವೋಲ್ಟೇಜ್ 415ರ ಆಸುಪಾಸಿನಿಂದ ತೀರಾ ಇಳಿದಿದ್ದರೂ ಇದೇ ಪಾಡು. ಆಂಪ್ಸ್ ಏರಿದ್ದರೆ ಪಂಪಿಗೆ ಮರಳು ಸಿಕ್ಕಿರಬಹುದು, ಬೇರಿಂಗ್ ಸವೆದಿರಬಹುದು.

ಆಂಪ್ಸ್ ಇಳಿದಿದ್ದರೆ ಮಾತ್ರ ನನಗೆ ನಿಜವಾಗಿ ಭಯ. ಎತ್ತಲು ನೀರಿಲ್ಲದೆ ಮೋಟಾರಿನ ಹೊರೆ ಕಡಿಮೆಯಾಗಿದೆ ಎಂದರ್ಥ. ಸಬ್‌ಮರ್ಸಿಬಲ್ ಮೋಟಾರನ್ನು ತಂಪಾಗಿಡುವುದು ಸುತ್ತಲ ನೀರೇ. ಮಲ್ಪೆ ಕಡೆಯ ದೋಣಿಗಳ ಔಟ್‌ಬೋರ್ಡ್ ಎಂಜಿನ್ನೂ ಹಾಗೆಯೇ, ಸಮುದ್ರದ ನೀರು ಹೀರಿಕೊಂಡು ತಣ್ಣಗಾಗುತ್ತದೆ. ಪಕ್ಕದಿಂದ ಚಿಮ್ಮುವ ಸಣ್ಣ ಧಾರೆ ನಿಂತರೆ ಮೀನುಗಾರರು ಎಂಜಿನ್ ಆರಿಸುತ್ತಾರೆ.

ನಮ್ಮಲ್ಲಿ, ನೀರಿಲ್ಲದಾಗ ಮೋಟಾರ್ ನಿಲ್ಲಿಸುವ ಡ್ರೈ ರನ್ ಪ್ರಿವೆಂಟರಿನ ವೈರ್ ಕಿತ್ತು ನೇರ ಕೊಡುವ ಅಭ್ಯಾಸವಿದೆ. ಶೇಂಗಾ ಬಾಡುವಾಗ ಯಾರಿಗಾದರೂ ಹಾಗನ್ನಿಸುತ್ತದೆ, ಗೊತ್ತು. ಆದರೂ ಬೇಡ. ಬೋರಿಗೆ ಊಟೆ ಬರಲು ಒಂದಷ್ಟು ಹೊತ್ತು ಬಿಡಿ, ಆಮೇಲೆ ಟೈಮರ್ ಹಾಕಿ ಬಿಟ್ಟು ಬಿಟ್ಟು ಓಡಿಸಿ. ಓವರ್‌ಲೋಡ್ ರಿಲೇಯನ್ನೂ ಮೋಟಾರಿನ ಪ್ಲೇಟ್ ಮೇಲೆ ಬರೆದ ಆಂಪ್ಸ್‌ಗಿಂತ ಮೇಲೆ ತಿರುಗಿಸಲು ಯಾರಿಗೂ ಬಿಡಬೇಡಿ.